ಕಡಲಿನ ಕಡೆಗೆ ಮುಖಮಾಡಿದ ಭೀತಿ: ಮದರಾಸಿನಿಂದ ಕಲ್ಪಾಕ್ಕಂವರೆಗೆ

ಅಣುಭಯೋತ್ಪಾದನೆಯನ್ನು ಕುರಿತ ಜನಭೀತಿಯ ಚರಿತ್ರೆಯನ್ನು 2001ರ ಸೆಪ್ಟೆಂಬರ್ 11ರ ಅಮೆರಿಕದ ಘಟನೆಯಿಂದ ಆರಂಭಿಸುವುದು ವಾಡಿಕೆ. ಆದರೆ ಒಂದು ನಗರವು ಯಾವುದಕ್ಕೆ, ಯಾವ ದಿಕ್ಕಿಗೆ ಹೆದರುತ್ತದೆ ಎಂಬುದರ ಮೇಲೆ ಅದರ ಹಳೆಯ ನೆನಪುಗಳ ನೆರಳು ಬೀಳುತ್ತದೆಂದು ನಾವು ಭಾವಿಸುತ್ತೇವೆ. ಚೆನ್ನೈ ಇದಕ್ಕೆ ತಕ್ಕ ನಿದರ್ಶನ.

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ಯುದ್ಧನೌಕೆಯು ಮದರಾಸು ಬಂದರಿನ ಬರ್ಮಾ ಆಯಿಲ್ ಕಂಪನಿಯ ಎಣ್ಣೆ ತೊಟ್ಟಿಗಳ ಮೇಲೆ ಗುಂಡಿನ ಮಳೆಗರೆಯಿತು. ದಾಳಿ ಅರ್ಧ ಗಂಟೆಯೊಳಗೆ ಮುಗಿಯಿತು. ಮಡಿದವರು ಕೆಲವೇ ಮಂದಿ. ಆದರೂ ಸಹಸ್ರಾರು ಜನ ಊರು ತೊರೆದರು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ಸಿಡ್ನಿ ನೌಕೆಯ ಹೊಡೆತಕ್ಕೆ ಎಮ್ಡನ್ ನಾಶವಾಯಿತು. ಅದರ ಹೆಸರು ಮಾತ್ರ ‘ಬಲು ಗಟ್ಟಿಗ’ ಎಂಬ ಅರ್ಥದಲ್ಲಿ ತಮಿಳು ಆಡುಮಾತಿನಲ್ಲಿ ಉಳಿಯಿತು. 1942ರ ಏಪ್ರಿಲ್ 5ರಂದು ಕೊಲಂಬೊ, ಮರುದಿನ ವಿಶಾಖಪಟ್ಟಣ ಜಪಾನೀ ಬಾಂಬುಗಳಿಗೆ ಗುರಿಯಾದಾಗ, ನಗರ ಬಿಡುವಂತೆ ಸರ್ಕಾರವೇ ಮದರಾಸಿನ ಜನರಿಗೆ ಸೂಚಿಸಿತು. ಮೃಗಾಲಯದ ಕ್ರೂರಮೃಗಗಳನ್ನು ಗುಂಡಿಕ್ಕಿ ಕೊಲ್ಲಲಾಯಿತು. ನಿರೀಕ್ಷಿಸಿದ ಆಕ್ರಮಣ ನಡೆಯಲಿಲ್ಲ.

ಇದೇ ಕರಾವಳಿಯ ಕಲ್ಪಾಕ್ಕಂನಲ್ಲಿ 1984ರಲ್ಲಿ ಅಣುವಿದ್ಯುತ್ ಕೇಂದ್ರ ಕಾರ್ಯಾರಂಭ ಮಾಡಿದ ಬಳಿಕ ಹಳೆಯ ಭೀತಿಗೆ ಹೊಸ ನೆಲೆ ದೊರೆಯಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನೀರು ಅದರ ಪಂಪ್‌ಮನೆಗೆ ನುಗ್ಗಿತು. ನಡೆಯುತ್ತಿದ್ದ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. 2008ರಲ್ಲಿ ಮುಂಬಯಿಯ ದಾಳಿಕೋರರು ಬಂದದ್ದೂ ಕಡಲಿನಿಂದಲೇ. ಅಪಾಯವೆಂದರೆ ಅಲೆಗಳಾಚೆಯದು ಎಂಬ ಗ್ರಹಿಕೆ ಹೀಗೆ ದೃಢವಾಗುವುದು ಸಹಜ.

ಆದರೆ ಈ ಗ್ರಹಿಕೆಗೆ ಒಪ್ಪದ ಪ್ರಸಂಗವೊಂದು ಕರ್ನಾಟಕದಲ್ಲಿ, ಕಾಳಿ ನದಿಯ ದಂಡೆಯ ಕೈಗಾದಲ್ಲಿ ನಡೆಯಿತು. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಷಿಯಂ ಬೆರೆತು 50ಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಇದು ಒಳಗಿನವರದೇ ಕಿಡಿಗೇಡಿತನವಿರಬೇಕೆಂದು ಅಣುಶಕ್ತಿ ಅಧಿಕಾರಿಗಳೇ ಶಂಕಿಸಿದರು. ಇದನ್ನು ಭಯೋತ್ಪಾದನೆಯೆಂದು ಕರೆಯುವುದು ಸಲ್ಲದು. ಆದರೆ ಇಲ್ಲಿ ಬೇಲಿಯಾಗಲಿ, ಕರಾವಳಿ ಕಾವಲಾಗಲಿ ಉಪಯೋಗಕ್ಕೆ ಬರುವಂತಿರಲಿಲ್ಲ.

ಜನಭೀತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಅದನ್ನೇ ಪ್ರಮಾಣವೆಂದು ನಂಬುವುದೂ ಅಷ್ಟೇ ಸುಲಭ. ಅಪಾಯವಿದೆ ಎಂಬಲ್ಲಿ ಭೀತಿ ತಪ್ಪಿಲ್ಲ. ಅದು ಬರುವ ದಿಕ್ಕನ್ನು ಗುರುತಿಸುವಲ್ಲಿ ಎಡವಬಹುದು. ಆದುದರಿಂದ ಹೊರನಾಡಿನ ಸಂಶೋಧಕರು ಕಲ್ಪಾಕ್ಕಂ ಮತ್ತು ಕೈಗಾಗಳನ್ನು ಒಟ್ಟಿಗಿರಿಸಿ ಅಭ್ಯಸಿಸುವುದು ಅಗತ್ಯವೆಂದು ನಾವು ಸೂಚಿಸಬಯಸುತ್ತೇವೆ. ಕಡಲನ್ನೇ ನೋಡುತ್ತ ನಿಂತ ಕಾವಲುಗಾರನ ಬೆನ್ನ ಹಿಂದೆಯೂ ಒಂದು ಬಾಗಿಲಿದೆ.