ಸವೆದ ದೋಣಿ ಡೆಕ್‌ಗೆ ಜಾರುನಿರೋಧಕ ಬಣ್ಣ: ವಿಧಾನ ಹೇಗೆ?

ಕಬಿನಿ ಹಿನ್ನೀರಿನಲ್ಲಿ ದೋಣಿ ಸಫಾರಿಗೆ ಹೋದವರ ಕಣ್ಣು ದಡದ ಆನೆಯ ಮೇಲೋ, ಬಿಸಿಲು ಕಾಯಿಸುವ ಮೊಸಳೆಯ ಮೇಲೋ ನೆಟ್ಟಿರುತ್ತದೆ. ಕಾಲ ಕೆಳಗಿನ ಡೆಕ್ ಅನ್ನು ನೋಡುವವರು ವಿರಳ. ಆನೆ ಕಂಡೊಡನೆ ಎಲ್ಲರೂ ಒಂದೇ ಬದಿಗೆ ಎದ್ದು ನಿಲ್ಲುತ್ತಾರೆ, ದೋಣಿ ವಾಲುತ್ತದೆ. ಆ ಗಳಿಗೆಯಲ್ಲಿ ಒದ್ದೆ ಚಪ್ಪಲಿಗೆ ಹಿಡಿತ ನೀಡುವುದು ಡೆಕ್‌ನ ತರಿತರಿಯಾದ ಮೈ ಮಾತ್ರ. ಅದು ಸವೆದಾಗ ಅದರ ಮೇಲೆ ಸಾಮಾನ್ಯ ಹೊಳಪಿನ ಬಣ್ಣ ಬಳಿದರೆ ದೋಣಿ ಹೊಸದಾಗಿ ಕಾಣುತ್ತದೆ ನಿಜ, ಆದರೆ ಮೊದಲಿಗಿಂತ ಹೆಚ್ಚು ಜಾರುತ್ತದೆ.

ಹುಣಸೂರಿನ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಹಾಗೂ ಕೆ.ಆರ್. ನಗರದ ಕಾವೇರಿ ತೀರದವರಿಗೆ ಪರಿಚಿತವಾದ ಹರಿಗೋಲಿಗೆ ಈ ಚಿಂತೆಯಿಲ್ಲ. ಹಿಂದೆ ಬಿದಿರಿನ ಹಂದರಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಡೆಕ್ಕೇ ಇಲ್ಲ, ಕುಳಿತೇ ಸಾಗಬೇಕು. ಎಚ್.ಡಿ. ಕೋಟೆಯ ಮಾತು ಬೇರೆ. 1974ರಲ್ಲಿ ಪೂರ್ಣಗೊಂಡ, 2,284 ಅಡಿ ಗರಿಷ್ಠ ಮಟ್ಟದ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಹೊತ್ತ ಮೋಟಾರು ದೋಣಿಗಳು ಓಡಾಡುತ್ತವೆ. ನೀರಿಳಿದಾಗ ಮುಳುಗಿದ ಕಾಡಿನ ಒಣಮರದ ಬೊಡ್ಡೆಗಳು ತಲೆಯೆತ್ತುವ ಜಾಗವದು. ಅಲ್ಲಿ ಜಾರಿ ನೀರಿಗೆ ಬೀಳುವುದು ಸಣ್ಣ ಮಾತಲ್ಲ.

ಮೊದಲ ತೊಡಕು ಕಾಲದ್ದು. ಬೇಸಿಗೆಯಲ್ಲಿ ಆನೆಗಳು ಹಿನ್ನೀರಿನ ಬಯಲಿಗೆ ಬರುತ್ತವೆ. ಪ್ರವಾಸಿಗರ ಸಂದಣಿಯೂ ಆಗಲೇ ಹೆಚ್ಚು. ಬಣ್ಣಕ್ಕೆ ಬೇಕಾದ ಒಣಹವೆ ಇರುವುದೂ ಆಗಲೇ. ವಯನಾಡಿನಲ್ಲಿ ಮುಂಗಾರು ಬಲಗೊಂಡಮೇಲೆ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ. ದಟ್ಟಣೆ ಆರಂಭವಾಗುವ ಮುನ್ನ, ಜನವರಿ–ಫೆಬ್ರವರಿಯಲ್ಲಿ, ಒಂದೊಂದೇ ದೋಣಿಯನ್ನು ದಡಕ್ಕೆಳೆದು ಮುಗಿಸುವುದೇ ಲೇಸು. ಆ ತಿಂಗಳುಗಳ ಇಬ್ಬನಿಯನ್ನು ಮಾತ್ರ ಮರೆಯಬಾರದು. ಬೆಳಗಿನ ಒದ್ದೆ ಪೂರ್ತಿ ಆರಿದ ಬಳಿಕ ಚಪ್ಪರದ ನೆರಳಿನಲ್ಲಿ ಆರಂಭಿಸಿ, ಸಂಜೆಗೆ ಹಲವು ಗಂಟೆ ಮೊದಲೇ ಮುಗಿಸಬೇಕು. ಹಸಿಬಣ್ಣದ ಮೇಲೆ ಇಬ್ಬನಿ ಬಿದ್ದರೆ ಪಾಲಿಯುರೆಥೇನ್ ಮಂಕಾಗಿ ಬಲಗುಂದುತ್ತದೆ.

ಬಣ್ಣ ಬಳಿಯುವುದಕ್ಕಿಂತ ಡೆಕ್ ಸಿದ್ಧಪಡಿಸುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಸೋಪುನೀರಿನಲ್ಲಿ ತೊಳೆದು ಒಣಗಿಸಿದ ಫೈಬರ್‌ಗ್ಲಾಸ್ ಡೆಕ್ ಅನ್ನು ಮೇಣ ಕರಗಿಸುವ ದ್ರಾವಕದಿಂದ, ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸುತ್ತ ಒರೆಸಬೇಕು. ಇದನ್ನು ಉಜ್ಜುವ ಮೊದಲೇ ಮಾಡತಕ್ಕದ್ದು. ಇಲ್ಲವಾದರೆ ಮರಳುಕಾಗದವು ಮೇಣವನ್ನು ಗೀರುಗಳ ಒಳಕ್ಕೇ ತಳ್ಳುತ್ತದೆ, ಮುಂದೆ ಅಲ್ಲಿಂದಲೇ ಬಣ್ಣ ಸಿಪ್ಪೆಯೇಳುತ್ತದೆ. ಪರೀಕ್ಷೆ ಸುಲಭ: ನೀರು ಚಿಮುಕಿಸಿದಾಗ ಅದು ಒಂದೇ ಪದರವಾಗಿ ಹರಡಿದರೆ ಮೈ ಶುದ್ಧ, ತಾವರೆ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ. ಸಮತಟ್ಟಾದ ಭಾಗಕ್ಕೆ 80ರಿಂದ 120ನೇ ಸಂಖ್ಯೆಯ ಮರಳುಕಾಗದ ಸಾಕು. ಅಚ್ಚಿನಲ್ಲೇ ಮೂಡಿದ ಚೌಕುಳಿ ವಿನ್ಯಾಸದ ತಗ್ಗುಗಳಿಗೆ ಕಾಗದ ತಲುಪದು. ಒರಟು ನಾರಿನ ಪ್ಯಾಡ್ ಅಥವಾ ಕಂಚಿನ ತಂತಿಯ ಬ್ರಷ್ ಬೇಕು. ಉಕ್ಕಿನ ಬ್ರಷ್ ಬಳಸಿದರೆ ಉಳಿದ ಕಣಗಳು ತುಕ್ಕು ಹಿಡಿದು ಕಲೆ ಮಾಡುತ್ತವೆ. ಬಿರುಕುಗಳಿಗೆ ಇಪಾಕ್ಸಿ ತುಂಬಿ, ಉಜ್ಜಿ, ಇಪಾಕ್ಸಿ ಪ್ರೈಮರ್ ಹಚ್ಚಬೇಕು. ಒತ್ತಿದಾಗ ಡೆಕ್ ಮೆತ್ತಗೆ ಕುಸಿದರೆ ಒಳಗಿನ ತಿರುಳು ನೀರು ಕುಡಿದಿದೆ ಎಂದರ್ಥ. ಅದನ್ನು ಬಣ್ಣದಿಂದ ಮುಚ್ಚುವುದು ಮೋಸವೇ ಸರಿ.

ತರಿಯನ್ನು ಎರಡು ಬಗೆಯಲ್ಲಿ ಕೂಡಿಸಬಹುದು. ಬಣ್ಣದಲ್ಲೇ ಬೆರೆಸಿ ರೋಲರ್‌ನಿಂದ ಹಚ್ಚುವುದು ಸುಲಭವಾದರೂ ಕಾಳು ತಳಕ್ಕಿಳಿಯುವುದರಿಂದ ಆಗಾಗ ಕಲಕುತ್ತಿರಬೇಕು. ಹಸಿಬಣ್ಣದ ಮೇಲೆ ಧಾರಾಳವಾಗಿ ಉದುರಿಸಿ, ಒಣಗಿದಮೇಲೆ ಸಡಿಲವಾದದ್ದನ್ನು ಗುಡಿಸಿ, ಮೇಲೊಂದು ತೆಳುಲೇಪ ಕೊಡುವ ವಿಧಾನ ಹೆಚ್ಚು ಬಾಳುತ್ತದೆ. ಲೇಪಗಳು ಹೆಚ್ಚಾದಷ್ಟೂ ಕಾಳು ಹೂತುಹೋಗುತ್ತದೆ ಎಂಬುದನ್ನು ಗಮನಿಸಬೇಕು. ತೊಳೆದು ಒಣಗಿಸಿ ಜರಡಿ ಹಿಡಿದ ಸಿಲಿಕಾ ಮರಳು ಗಟ್ಟಿ ಹಿಡಿತ ಕೊಡುತ್ತದೆ. ಬರಿಗಾಲಿನವರು ಹೆಚ್ಚಿದ್ದರೆ ಪ್ಲಾಸ್ಟಿಕ್ ಮಣಿಗಳು ಹಿತ. ಮಣ್ಣು ಬೆರೆತ ಹೊಳೆಮರಳು ಸಲ್ಲದು. ಕಡುಬಣ್ಣ ಬಿಸಿಲಿಗೆ ಕಾದು ಕಾಲು ಸುಡುತ್ತದೆ, ಅಚ್ಚಬಿಳಿ ಕಣ್ಣು ಕುಕ್ಕುತ್ತದೆ. ತಿಳಿಬೂದು ಎರಡಕ್ಕೂ ಮಧ್ಯಮ.

ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣದಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಐಸೊಸಯನೇಟ್ ಇರುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ತಯಾರಕರು ಸೂಚಿಸಿದ ಉಸಿರು ಮುಖವಾಡವೇ ಬೇಕು. ಸಿಲಿಕಾ ದೂಳೂ ಅಪಾಯಕಾರಿ. ಉಜ್ಜಿದ ಪುಡಿ, ಉಳಿದ ಬಣ್ಣ, ರೋಲರ್ ತೊಳೆದ ದ್ರಾವಕ ಯಾವುದೂ ಹಿನ್ನೀರು ಸೇರಬಾರದು. ಕೆಳಗಿನ ಊರುಗಳು ಕುಡಿಯುವುದು ಈ ನೀರನ್ನೇ.

ಸಾಮಾನ್ಯವಾಗಿ ಒಂದು ದಿನದ ಬಳಿಕ ಡೆಕ್ ಮೇಲೆ ನಡೆಯಬಹುದಾದರೂ ಬಣ್ಣ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಆಮೇಲೆ ದೋಣಿ ಇನ್ನೂ ದಡದಲ್ಲಿರುವಾಗಲೇ ಡೆಕ್‌ಗೆ ಎರಡು ಬಿಂದಿಗೆ ನೀರು ಸುರಿದು, ಸವೆದ ರಬ್ಬರ್ ಚಪ್ಪಲಿಯಲ್ಲಿ ಎಚ್ಚರದಿಂದ ಅಡ್ಡಾಡಿ ನೋಡಬೇಕು. ಎಲ್ಲಿ ಕಾಲು ಜಾರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಒಣಗಿದ ಮೇಲೆ ಅಷ್ಟಗಲಕ್ಕೆ ಮತ್ತೆ ಉಜ್ಜಿ ತರಿ ಕೊಡಬೇಕು.