ಬೆಳೆವ ಕೂಸಿಗೆ ಬೆಳೆಯದ ಜೀವನಾಂಶ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ನಮ್ಮ ಹಿರಿಯರು ಆಡಿದರು. ಬಡವಾಗುವುದೆಂದರೆ ಸೊರಗುವುದು. ಆದರೆ ವಿಚ್ಛೇದನವಾದ ಮನೆಗಳನ್ನು ನೋಡಿದವರಿಗೆ ಆ ಮಾತಿನ ಇನ್ನೊಂದು ಅರ್ಥವೂ ಗೊತ್ತು. ಅಲ್ಲಿ ಕೂಸು ಕಾಸಿನ ಲೆಕ್ಕದಲ್ಲಿಯೂ ಬಡವಾಗುತ್ತದೆ. ಅಪ್ಪ ಅಮ್ಮ ಬೇರೆಯಾದ ದಿನ ಕೋರ್ಟು ಒಂದು ಮೊತ್ತ ಬರೆಯುತ್ತದೆ. ಮಗು ಬೆಳೆಯುತ್ತದೆ, ಮೊತ್ತ ಬೆಳೆಯುವುದಿಲ್ಲ. ಇದು ಯಾಕೆ ಹೀಗಾಯಿತು ಎಂದು ಕೇಳಿದರೆ ಉತ್ತರಕ್ಕಾಗಿ ನೂರು ವರ್ಷ ಹಿಂದೆ ಹೋಗಬೇಕು.

ಬ್ರಿಟಿಷರು 1898ರಲ್ಲಿ ತಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 488ನೇ ಕಲಂ ಎಂಬುದೊಂದಿತ್ತು. ಕೈಲಾಗುವ ಗಂಡಸು ಹೆಂಡತಿ ಮಕ್ಕಳನ್ನು ಸಾಕದೆ ಬಿಟ್ಟರೆ ಮ್ಯಾಜಿಸ್ಟ್ರೇಟರು ತಿಂಗಳಿಗೆ ಇಷ್ಟು ಕೊಡು ಎಂದು ಆಜ್ಞೆ ಮಾಡಬಹುದಿತ್ತು. ಬಿಟ್ಟ ಹೆಂಗಸು ಮಕ್ಕಳು ಬೀದಿಪಾಲಾಗಬಾರದು ಎಂಬುದಷ್ಟೇ ಅದರ ಉದ್ದೇಶ. ಹಾಗಾಗಿ ಮೊತ್ತಕ್ಕೆ ಒಂದು ಮಿತಿ ಇಟ್ಟರು, ತಿಂಗಳಿಗೆ 50 ರೂಪಾಯಿ. 1923ರಲ್ಲಿ ಅದು 100 ಆಯಿತು, 1955ರಲ್ಲಿ 500. 1973ರಲ್ಲಿ ಹೊಸ ಸಂಹಿತೆ ಬಂದಾಗ ಕಲಂನ ಸಂಖ್ಯೆ 125 ಎಂದು ಬದಲಾಯಿತೇ ಹೊರತು 500 ಹಾಗೇ ಉಳಿಯಿತು.

ಆ 500 ಹೆಂಡತಿ ಮಕ್ಕಳೆಲ್ಲರಿಗೂ ಸೇರಿಯೋ, ಒಬ್ಬೊಬ್ಬರಿಗೋ ಎಂಬುದೇ ಒಂದು ದೊಡ್ಡ ತಕರಾರಾಗಿತ್ತು. ಒಬ್ಬೊಬ್ಬರಿಗೆ ಎಂದು 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸುಪ್ರೀಂ ಕೋರ್ಟಿನಿಂದ ಹೇಳಿದರು. ಆದರೂ ಮಿತಿ ಮಿತಿಯೇ. 2001ರ ಸೆಪ್ಟೆಂಬರ್ 24ರಂದು ತಿದ್ದುಪಡಿ ಜಾರಿಗೆ ಬಂದ ಮೇಲೆ ಅದು ಹೋಯಿತು. ಲೆಕ್ಕ ಹಾಕಿ ನೋಡಿ, 46 ವರ್ಷ! ಅಷ್ಟರಲ್ಲಿ ಅಕ್ಕಿಯ ದರ ಎಲ್ಲಿಂದ ಎಲ್ಲಿಗೆ ಹೋಯಿತು, ಶಾಲೆಯ ಶುಲ್ಕ ಎಲ್ಲಿಗೆ ಹೋಯಿತು ಎಂಬುದನ್ನು ಮನೆ ನಡೆಸಿದ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ.

ವಿಚಿತ್ರವೆಂದರೆ, ಮೊತ್ತವನ್ನು ಬದಲಿಸುವ ದಾರಿ ಅಂದಿನಿಂದಲೂ ಇತ್ತು. ಹಳೆಯ ಸಂಹಿತೆಯ 489ನೇ ಕಲಂ, ಆಮೇಲಿನ 127ನೇ ಕಲಂ, ಪರಿಸ್ಥಿತಿ ಬದಲಾದರೆ ಜೀವನಾಂಶವನ್ನು ಏರಿಸಬಹುದು, ಇಳಿಸಬಹುದು ಎಂದವು. ಆದರೆ ಏರಿಸುವಾಗ ಮಿತಿ ದಾಟಬಾರದೆಂದು ಅಲ್ಲೇ ಬರೆದಿತ್ತು. ಏಣಿ ಕೊಟ್ಟು ತಲೆಯ ಮೇಲೆ ಅಟ್ಟ ಕಟ್ಟಿದ ಹಾಗೆ.

ಆ ಅಟ್ಟದ ಎತ್ತರಕ್ಕೂ ಹೋಗದವರೇ ಹೆಚ್ಚು. ನನ್ನ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳ ತಾಯಿಗೆ, ಮಗು ಒಂದನೇ ತರಗತಿಯಲ್ಲಿದ್ದಾಗ 200 ರೂಪಾಯಿ ಆಗಿತ್ತು. ಹತ್ತನೇ ತರಗತಿಗೆ ಬಂದಾಗಲೂ ಅದೇ 200. ಹೆಚ್ಚು ಮಾಡಿಸಿಕೊಳ್ಳಬಾರದೇ ಎಂದರೆ, ಕೋರ್ಟು ಬರೆದದ್ದು ಬ್ರಹ್ಮ ಬರೆದ ಹಾಗಲ್ಲವೇ ಟೀಚರ್ ಎಂದಳು. ಬ್ರಹ್ಮಲಿಪಿಗೂ ಕೋರ್ಟಿನ ಆಜ್ಞೆಗೂ ಇರುವ ವ್ಯತ್ಯಾಸವೇ ಇದು. ಕೋರ್ಟಿನದನ್ನು ತಿದ್ದಬಹುದು.

ಸಿವಿಲ್ ಕಾಯಿದೆಗಳು ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಿವೆ. 1955ರ ಹಿಂದೂ ವಿವಾಹ ಕಾಯಿದೆಯ 26ನೇ ಕಲಂ, ಮಕ್ಕಳ ವಶ, ಪೋಷಣೆ, ಶಿಕ್ಷಣ ಕುರಿತ ಆಜ್ಞೆಯನ್ನು ಕಾಲಕಾಲಕ್ಕೆ ಬದಲಿಸಬಹುದು ಎನ್ನುತ್ತದೆ. 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯ 25ನೇ ಕಲಂ ಪ್ರಕಾರ ಇಬ್ಬರೂ ಒಪ್ಪಿ ಬರೆದುಕೊಂಡ ಕರಾರಿನ ಮೊತ್ತವನ್ನೂ ಬದಲಿಸಬಹುದು. ಅದೇ ಕಾಯಿದೆ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆಯ ಮೇಲೆ ಮಾತ್ರವಲ್ಲ, ತಾಯಿಯ ಮೇಲೂ ಇಟ್ಟಿತು.

ನಾವು ಹೆಂಗಸರು ಕೆಲಸಕ್ಕೆ ಹೋಗತೊಡಗಿದ ಮೇಲೆ ಈ ಮಾತಿಗೆ ಬೆಲೆ ಬಂತು. ತಂದೆ ತಾಯಿ ಇಬ್ಬರೂ ನೌಕರಿಯಲ್ಲಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ, ಅವರವರ ಸಂಬಳಕ್ಕೆ ತಕ್ಕಂತೆ ತಂದೆ ಎರಡು ಪಾಲು, ತಾಯಿ ಒಂದು ಪಾಲು ಭರಿಸಲಿ ಎಂದಿತು. ನ್ಯಾಯವಾದ ಮಾತು.

ಆಮೇಲೆ ಬಂದದ್ದು ಜಂಟಿ ಪಾಲನೆಯ ವಿಚಾರ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಂದು ಮಗುವನ್ನು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಿಸಿ, ಖರ್ಚನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳಲು ಹೇಳಿತು. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಕಾನೂನಿನಲ್ಲಿ ಜಾಗ ಮಾಡಿಕೊಡಬೇಕೆಂದು ಶಿಫಾರಸು ಮಾಡಿತು. ಮಗುವಿಗೆ ಇಬ್ಬರೂ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ತರಗತಿಯಲ್ಲಿ ಕೂತ ಮಕ್ಕಳ ಮುಖ ನೋಡಿದರೆ ಅದು ತಿಳಿಯುತ್ತದೆ.

ಆದರೆ ಮಗು ಅರ್ಧ ವರ್ಷ ನನ್ನ ಬಳಿ ಇದೆ, ಇನ್ನು ಹಣ ಯಾಕೆ ಎಂಬ ವಾದವೂ ಇದರ ಬೆನ್ನಿಗೇ ಹುಟ್ಟಿಕೊಳ್ಳುತ್ತದೆ. ದಿನಗಳು ಸಮನಾದ ಮಾತ್ರಕ್ಕೆ ಎರಡು ಮನೆಯ ಗಂಟು ಸಮನಾಗುವುದಿಲ್ಲ. ಮಗು ಇಲ್ಲದ ಆರು ತಿಂಗಳೂ ತಾಯಿ ಬಾಡಿಗೆ ಕಟ್ಟಬೇಕು, ಮಗುವಿನ ಮಂಚ, ಮೇಜು ಅಲ್ಲೇ ಇರಬೇಕು. 80 ಸಾವಿರ ದುಡಿಯುವವನೂ 15 ಸಾವಿರ ದುಡಿಯುವವಳೂ ಅರ್ಧರ್ಧ ಕೊಟ್ಟರೆ ಲೆಕ್ಕದಲ್ಲಿ ಸಮ, ತಟ್ಟೆಯಲ್ಲಿ ಸಮವಲ್ಲ. ದಿನದ ಜೊತೆಗೆ ಆದಾಯವನ್ನೂ ತೂಗಬೇಕು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ನಿಗದಿ ಮಾಡಿದ್ದರಿಂದ ಈ ತೂಕ ಈಗ ಸುಲಭವಾಗಿದೆ. ತಾಯಿಗೆ ಸಾಕಷ್ಟು ಸಂಪಾದನೆಯಿದ್ದರೆ ಮಗುವಿನ ಖರ್ಚನ್ನು ಪ್ರಮಾಣಕ್ಕೆ ತಕ್ಕಂತೆ ಹಂಚಬಹುದೆಂದೂ ಆಗ ಹೇಳಿತು.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದು 125 ಹೋಗಿ 144 ಆಗಿದೆ, 127 ಹೋಗಿ 146. ಇದು ಎಲ್ಲ ಮತದವರಿಗೂ ಅನ್ವಯ. ಮಗುವಿನ ಕಾಯಿಲೆ, ಮೇಲಿನ ತರಗತಿಯ ಶುಲ್ಕ, ತಂದೆಯ ಸಂಬಳದ ಏರಿಕೆ, ಪಾಲನೆಯ ದಿನಗಳ ಬದಲಾವಣೆ ಇವನ್ನು ಕಾರಣವಾಗಿ ತೋರಿಸಿ ಅರ್ಜಿ ಹಾಕಬಹುದು. ಕೆಲಸ ಕಳೆದುಕೊಂಡ ತಂದೆಯೂ ಕಡಿಮೆ ಮಾಡಿರೆಂದು ಕೇಳಬಹುದು, ಅದೂ ನ್ಯಾಯವೇ. ಆದರೆ ಕೇಳಬೇಕು. ಹೊಸ ಆಜ್ಞೆ ಬರುವ ತನಕ ಹಳೆಯದು ನಡೆಯುತ್ತದೆ, ತಾನಾಗಿ ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯುವ ಅಕ್ಕತಂಗಿಯರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ತಾಲ್ಲೂಕು ಕೋರ್ಟಿನಲ್ಲೇ ವಿಚಾರಿಸಬಹುದು. ಶುಲ್ಕದ ರಸೀದಿ, ಔಷಧಿಯ ಚೀಟಿ, ಬಾಡಿಗೆಯ ಲೆಕ್ಕ ಜೋಪಾನವಾಗಿ ಎತ್ತಿಡಿ. ಮಗುವಿನ ಬಟ್ಟೆಯ ಅಳತೆಯನ್ನು ವರ್ಷ ವರ್ಷ ತೆಗೆಯುತ್ತೇವಷ್ಟೆ? ಅದರ ಪಾಲಿನ ಅನ್ನದ ಅಳತೆಯನ್ನೂ ಹಾಗೆಯೇ ಮತ್ತೆ ತೆಗೆಸಿಕೊಳ್ಳಬೇಕು. ಅದು ಬೇಡುವುದಲ್ಲ, ಮಗುವಿನ ಹಕ್ಕನ್ನು ಕೇಳುವುದು.