ಕಿತ್ತು ಬಾರದ ಹೆಡ್‌ರೆಸ್ಟಿನ ಪೂರ್ವಚರಿತ್ರೆ

ಮೋಟಾರು ಕಾರು ಹುಟ್ಟಿ ಎಂಟು ದಶಕಗಳು ಕಳೆಯುವವರೆಗೂ ಅದರ ಸೀಟಿನ ಬೆನ್ನು ಸಾಮಾನ್ಯವಾಗಿ ಕುಳಿತವರ ಭುಜದ ಮಟ್ಟಕ್ಕೇ ಮುಗಿಯುತ್ತಿತ್ತು. ತಲೆಗೆ ಹಿಂದಿನಿಂದ ಯಾವ ಆಸರೆಯೂ ಇರಲಿಲ್ಲ, ಅದು ಇರಬೇಕೆಂದು ಕೇಳಿದವರೂ ಕಡಿಮೆ. ಸೀಟಿನ ಮೇಲಂಚಿನಿಂದ ಎರಡು ಉಕ್ಕಿನ ಸಲಾಕೆಗಳ ಮೇಲೆ ಎದ್ದು ನಿಲ್ಲುವ ಸಣ್ಣ ಮೆತ್ತೆ, ಅಂದರೆ ಹೆಡ್‌ರೆಸ್ಟ್, ಕಾರುಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡದ್ದು 1960ರ ದಶಕದ ಕೊನೆಯಿಂದೀಚೆಗೆ. ಆ ಕಾಲದ ಕಾರುಗಳನ್ನು ಇಂದು ದುರಸ್ತಿ ಮಾಡಿ ಮೊದಲಿನ ಸ್ಥಿತಿಗೆ ತರುವವರಿಗೆ ಸೀಟಿನ ಹೊದಿಕೆ ಬಿಚ್ಚುವ ಕೆಲಸದ ಮೊದಲ ಹೆಜ್ಜೆಯಲ್ಲೇ ಎದುರಾಗುವ ತೊಡಕು ಈ ಸಲಾಕೆಗಳದ್ದು, ಏಕೆಂದರೆ ಅವು ಅಲುಗುವುದಿಲ್ಲ. ತಪ್ಪನ್ನು ತುಕ್ಕಿನ ಮೇಲೆ ಹೊರಿಸುವುದು ರೂಢಿಯಾದರೂ ತುಕ್ಕು ಈ ಕಥೆಗೆ ಕೊನೆಯಲ್ಲಿ ಬಂದು ಸೇರಿಕೊಂಡದ್ದು. ಹೆಡ್‌ರೆಸ್ಟ್ ಸುಲಭವಾಗಿ ಕಳಚಿ ಬಾರದಿರುವುದಕ್ಕೆ ಮೂಲ ಕಾರಣ ಒಂದು ಕಾನೂನಿನಲ್ಲಿ, ಮತ್ತು ಆ ಕಾನೂನನ್ನು ಕಾರ್ಖಾನೆಗಳು ಅವಸರದಲ್ಲಿ ಪಾಲಿಸಿದ ರೀತಿಯಲ್ಲಿ ಇದೆ.

ತಲೆಯನ್ನು ಒರಗಿಸಿಕೊಳ್ಳುವ ಸುಖ ಅದಕ್ಕಿಂತ ಬಹಳ ಹಳೆಯದು. ಕ್ಷೌರದ ಕುರ್ಚಿ, ಹಲ್ಲಿನ ವೈದ್ಯರ ಕುರ್ಚಿ, ರೈಲಿನ ಮೇಲ್ದರ್ಜೆಯ ಡಬ್ಬಿ, ಇವುಗಳಲ್ಲೆಲ್ಲ ತಲೆಗೆ ದಿಂಬು ಹತ್ತೊಂಬತ್ತನೆಯ ಶತಮಾನದಲ್ಲೇ ಇತ್ತು. ಅಂಥ ಆಸನಗಳಿಗೆ ತಲೆಯೆಣ್ಣೆಯ ಜಿಡ್ಡು ಹತ್ತದಂತೆ ಬಿಳಿಯ ಬಟ್ಟೆ ಹೊದಿಸುವ ಪದ್ಧತಿಯೂ ಆಗಲೇ ನಡೆದುಬಂದಿತ್ತು. (ನಮ್ಮ ಸರ್ಕಾರಿ ಅಂಬಾಸಡರುಗಳ ಸೀಟಿನ ಮೇಲಿದ್ದ ಬಿಳಿಯ ಟವೆಲು ಈ ಪದ್ಧತಿಯ ದೂರದ ವಾರಸುದಾರ, ತಲೆಗೆ ಆಸರೆಯೇ ಇಲ್ಲದ ಸೀಟಿಗೂ ಟವೆಲು ತಪ್ಪಲಿಲ್ಲ.) ಕಾರಿಗೆ ಜೋಡಿಸಬಹುದಾದ ಹೆಡ್‌ರೆಸ್ಟಿಗೆ ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನ ಬೆಂಜಮಿನ್ ಕಾಟ್ಜ್ ಎಂಬವರು 1920ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದರೂ ಕಾರು ತಯಾರಕರು ಅದನ್ನು ನಾಲ್ಕು ದಶಕಗಳ ಕಾಲ ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸುಖದ ವಸ್ತುವಾಗಿದ್ದಷ್ಟು ಕಾಲ ಅದು ಬೇಕಾದವರು ಕೊಂಡು ಸಿಕ್ಕಿಸಿಕೊಳ್ಳುವ, ಬೇಡವಾದಾಗ ತೆಗೆದಿಡುವ ಸಾಮಾನಾಗಿತ್ತು. ತೆಗೆಯಲು ಬಾರದೆಂಬ ದೂರು ಆಗ ಹುಟ್ಟುವಂತಿರಲಿಲ್ಲ.

ಆ ವಸ್ತುವಿನ ಸ್ವಭಾವ ಬದಲಾದದ್ದು ಕುತ್ತಿಗೆಯ ಗಾಯದ ಅಧ್ಯಯನದಿಂದ. ರೈಲು ಅಪಘಾತದಲ್ಲಿ ಮೇಲ್ನೋಟಕ್ಕೆ ಏನೂ ಆಗದೆ ಉಳಿದವರು ಆಮೇಲೆ ತಿಂಗಳುಗಟ್ಟಲೆ ಬೆನ್ನು, ಕುತ್ತಿಗೆಗಳ ನೋವಿನಿಂದ ನರಳುವುದನ್ನು ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸೆನ್ 1866ರಷ್ಟು ಹಿಂದೆಯೇ ವಿವರಿಸಿದ್ದರು. 1928ರಲ್ಲಿ ಅಮೆರಿಕದ ಮೂಳೆವೈದ್ಯ ಹೆರಾಲ್ಡ್ ಕ್ರೋ ಇಂಥ ಗಾಯವನ್ನು ಚಾಟಿಯ ಬೀಸಿಗೆ ಹೋಲಿಸಿ ‘ವಿಪ್‌ಲ್ಯಾಶ್’ ಎಂದು ಕರೆದರು. 1955ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಡರ್ವಿನ್ ಸೆವರಿ ಮತ್ತು ಸಂಗಡಿಗರು ನಿಂತ ಕಾರಿಗೆ ಹಿಂದಿನಿಂದ ಬೇಕೆಂದೇ ಇನ್ನೊಂದು ಕಾರನ್ನು ಗುದ್ದಿಸಿ ಅಳತೆ ಮಾಡಿದಾಗ, ಕಾರಿನ ಒಡಲು ಅನುಭವಿಸುವ ವೇಗೋತ್ಕರ್ಷಕ್ಕಿಂತ, ಎಂದರೆ ವೇಗ ಏರುವ ದರಕ್ಕಿಂತ, ಒಳಗಿನವರ ತಲೆ ಅನುಭವಿಸುವುದು ಬಹಳ ಹೆಚ್ಚು ಎಂದು ಕಂಡುಬಂತು. ಕಾರಣ ಸರಳವಾದದ್ದು: ಸೀಟಿನ ಬೆನ್ನು ಮುಂಡವನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಜಡತ್ವದಿಂದ ಇದ್ದಲ್ಲೇ ಉಳಿಯುತ್ತದೆ, ನಡುವಿನ ಕುತ್ತಿಗೆ ಮೊದಲು ಬಾಗಿ ಆಮೇಲೆ ತಲೆಯನ್ನು ಎಳೆದುಕೊಂಡು ಬೀಸುತ್ತದೆ. ತಲೆಯ ಹಿಂದೆ ತಡೆಯೊಂದಿದ್ದರೆ ಮುಂಡವೂ ತಲೆಯೂ ಒಟ್ಟಿಗೆ ಚಲಿಸುತ್ತವೆ.

ರಾಲ್ಫ್ ನೇಡರ್ ಅವರ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ 1965ರಲ್ಲಿ ಪ್ರಕಟವಾಗಿ ಅಮೆರಿಕದಲ್ಲಿ ಗದ್ದಲವೆಬ್ಬಿಸಿದ ಮರುವರ್ಷವೇ ವಾಹನ ಸುರಕ್ಷತೆಯ ಫೆಡರಲ್ ಕಾನೂನು ಜಾರಿಗೆ ಬಂತು. ಅದರ ಕೆಳಗೆ ಸ್ಥಾಪನೆಯಾದ ಇಲಾಖೆಯ ಮೊದಲ ಮುಖ್ಯಸ್ಥರಾದ ವಿಲಿಯಂ ಹ್ಯಾಡನ್ ವೃತ್ತಿಯಿಂದ ಸಾರ್ವಜನಿಕ ಆರೋಗ್ಯದ ವೈದ್ಯರು. ಸವಾರನ ಜಾಗರೂಕತೆಯನ್ನು ನೆಚ್ಚದೆ ತಾನಾಗಿಯೇ ಕೆಲಸಮಾಡುವ ರಕ್ಷಣೆಯೇ ನಿಜವಾದ ರಕ್ಷಣೆ ಎಂಬುದು ಅವರ ನಿಲುವು. ಇಲಾಖೆಯ 202ನೆಯ ಮಾನದಂಡದ ಪ್ರಕಾರ 1969ರ ಜನವರಿ 1ರಿಂದ ಅಮೆರಿಕದಲ್ಲಿ ಮಾರಾಟಕ್ಕೆಂದು ತಯಾರಾಗುವ ಪ್ರತಿಯೊಂದು ಕಾರಿನ ಮುಂದಿನ ಎರಡು ಬದಿಯ ಆಸನಗಳಿಗೂ ತಲೆತಡೆ ಕಡ್ಡಾಯವಾಯಿತು. ಕುಳಿತವರ ಸೊಂಟದ ಬಿಂದುವಿನಿಂದ ಅದರ ತುದಿ 27.5 ಅಂಗುಲ ಎತ್ತರಕ್ಕೆ ಏರುವಂತಿರಬೇಕು, ಉದ್ದ ಬೆಂಚಿನಂಥ ಸೀಟಿನಲ್ಲಿ 10 ಅಂಗುಲ ಅಗಲವಿರಬೇಕು, ಬಿಡಿ ಸೀಟಿನಲ್ಲಿ 6.75 ಅಂಗುಲ ಸಾಕು. ತಲೆಗೂ ಮೆತ್ತೆಗೂ ನಡುವೆ ಎಷ್ಟು ಅಂತರವಿರಬಹುದೆಂಬ ಬಗ್ಗೆ ಮಾತ್ರ ನಿಯಮ ಬಾಯಿ ಬಿಡಲಿಲ್ಲ. ಈ ಲೋಪ ತಿದ್ದುಪಡಿಯಾಗಲು ಮೂವತ್ತೈದು ವರ್ಷ ಹಿಡಿಯಿತು.

ಕಾರ್ಖಾನೆಗಳ ಮುಂದೆ ಎರಡು ದಾರಿಗಳಿದ್ದವು. ಸೀಟಿನ ಬೆನ್ನನ್ನೇ ತಲೆಯವರೆಗೆ ಎತ್ತರಿಸುವುದು ಒಂದು: ಅಮೆರಿಕಕ್ಕೆ ಹೋಗುತ್ತಿದ್ದ 1968ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಈ ಕ್ರಮವಿತ್ತು, ಮತ್ತು ಆ ಸೀಟುಗಳ ಆಕಾರ ನೋಡಿದ ಜನ ಅವಕ್ಕೆ ಗೋರಿಕಲ್ಲೆಂದೇ ಅಡ್ಡಹೆಸರಿಟ್ಟರು. ಆದರೆ ಹೀಗೆ ಮಾಡಲು ಸೀಟಿನ ಚೌಕಟ್ಟನ್ನು ಹೊಸದಾಗಿ ರೂಪಿಸಬೇಕು, ಹೊದಿಕೆಯನ್ನು ಬೇರೆ ಅಳತೆಗೆ ಹೊಲಿಯಬೇಕು. ಹಿಂದಿನ ಸೀಟಿನವರಿಗೆ ದಾರಿಯೂ ಚಾಲಕನಿಗೆ ಹಿಂದಿನ ನೋಟವೂ ಮರೆಯಾಗುತ್ತವೆ. ಎರಡನೆಯ ದಾರಿ ಅಗ್ಗದ್ದು. ಇದ್ದ ಚೌಕಟ್ಟಿನ ಮೇಲಂಚಿಗೆ ಎರಡು ಉಕ್ಕಿನ ಕೊಳವೆಗಳನ್ನು ಬೆಸೆದು, ಅವುಗಳೊಳಗೆ ಪ್ಲಾಸ್ಟಿಕ್ಕಿನ ಒಳತೋಳುಗಳನ್ನು ತೂರಿಸಿ, ಕ್ರೋಮಿಯಂ ಲೇಪದ ಸಲಾಕೆಗಳ ಮೇಲಿನ ಮೆತ್ತೆಯನ್ನು ಮೇಲಿನಿಂದ ಇಳಿಬಿಡುವುದು. ಬಹುಪಾಲು ತಯಾರಕರು ಇದನ್ನೇ ಆರಿಸಿಕೊಂಡರು. ತಾನಾಗಿ ಕೆಲಸಮಾಡುವ ರಕ್ಷಣೆಯೆಂಬ ಹ್ಯಾಡನ್ನರ ತತ್ವಕ್ಕೆ ಅವರದೇ ಇಲಾಖೆಯ ನಿಯಮದಡಿ ಸಂದ ಈ ಉತ್ತರ ಸರಿಯಾಗಿ ವಿರುದ್ಧವಾದದ್ದು, ಏಕೆಂದರೆ ಏರಿಸಬಹುದಾದ ಹೆಡ್‌ರೆಸ್ಟನ್ನು ಯಾರಾದರೂ ಏರಿಸಿದರೆ ಮಾತ್ರ ಅದು ತಲೆಯ ಮಟ್ಟಕ್ಕೆ ಬರುತ್ತದೆ. ಹೆಚ್ಚಿನವರು ಏರಿಸಲಿಲ್ಲ. ಅದೇ ಇಲಾಖೆಗಾಗಿ ಚಾರ್ಲ್ಸ್ ಕಹೇನ್ 1982ರಲ್ಲಿ ಸಿದ್ಧಪಡಿಸಿದ ಮೌಲ್ಯಮಾಪನದಲ್ಲಿ ಹಿಂದಿನಿಂದ ಗುದ್ದುವ ಅಪಘಾತಗಳ ಗಾಯಗಳನ್ನು ಎತ್ತರದ ಬೆನ್ನಿನ ಸೀಟುಗಳು ಶೇ. 17ರಷ್ಟು ತಗ್ಗಿಸಿದ್ದರೆ ಸಲಾಕೆಯ ಹೆಡ್‌ರೆಸ್ಟುಗಳು ಶೇ. 10ರಷ್ಟು ಮಾತ್ರ ತಗ್ಗಿಸಿದ್ದವು.

ಏರಿಸದೆ ಬಿಟ್ಟ ಹೆಡ್‌ರೆಸ್ಟೇ ಮುಂದೆ ಕಚ್ಚಿಕೊಳ್ಳುವ ಹೆಡ್‌ರೆಸ್ಟು. ಸಲಾಕೆಯ ಒಂದು ಪಕ್ಕದಲ್ಲಿ ಅಡ್ಡಗೀರುಗಳಂಥ ಕಚ್ಚುಗಳಿರುತ್ತವೆ. ಒಳತೋಳಿನ ಬಾಯಲ್ಲಿ ಅಥವಾ ಅದರ ಕೆಳಗೆ ಬಾಗಿಸಿದ ಸ್ಪ್ರಿಂಗ್ ತಂತಿಯೊಂದು ಕೊಡೆಯ ಕೋಲಿನ ಕೊಕ್ಕೆಯ ಹಾಗೆ ಆ ಕಚ್ಚಿಗೆ ಕೂತು ಮೆತ್ತೆಯನ್ನು ಬೇಕಾದ ಎತ್ತರದಲ್ಲಿ ನಿಲ್ಲಿಸುತ್ತದೆ. ಎಲ್ಲಕ್ಕಿಂತ ಕೆಳಗಿನ ಕಚ್ಚು ಉಳಿದವುಗಳಿಗಿಂತ ಆಳವಾಗಿ, ಚೌಕಾಕಾರದಲ್ಲಿ ಇರುವುದುಂಟು: ಅಪಘಾತದಲ್ಲಿ, ಅಥವಾ ಹಿಂದೆ ಕುಳಿತವರು ಎಳೆದಾಗ, ಮೆತ್ತೆ ಪೂರ್ತಿ ಹಾರಿ ಬರಬಾರದೆಂದು ಮಾಡಿದ ಕೊನೆಯ ತಡೆ ಅದು. ಅದನ್ನು ಬಿಡಿಸುವ ಗುಂಡಿಯನ್ನು ಕೆಲವರು ಮೇಲೆ ಕಾಣುವಂತೆ ಇಟ್ಟರು. ಕೆಲವರು ಹೊದಿಕೆಯ ಅಡಿಯಲ್ಲಿ ಅಡಗಿಸಿದರು. ಇನ್ನು ಕೆಲವರು ಗುಂಡಿಯೇ ಇಲ್ಲದೆ, ಬಲವಾಗಿ ಮೇಲಕ್ಕೆ ಜಗ್ಗಿದರೆ ಮಾತ್ರ ಸ್ಪ್ರಿಂಗ್ ಸೋಲುವಂತೆ ಮಾಡಿದರು. ಮಾಲೀಕರ ಕೈಪಿಡಿ ಕಳೆದುಹೋಗಿ ಐವತ್ತು ವರ್ಷವಾದ ಮೇಲೆ ಈ ಮೂರರಲ್ಲಿ ಯಾವುದು ಎಂದು ಹೊರಗಿನಿಂದ ತಿಳಿಯುವುದಿಲ್ಲ, ಮತ್ತು ಸಲಾಕೆ ಬಾಗುವುದು, ಒಳತೋಳು ಸೀಳುವುದು ಹೆಚ್ಚಾಗಿ ಈ ಅಜ್ಞಾನದಿಂದ, ತುಕ್ಕಿನಿಂದಲ್ಲ.

ತುಕ್ಕಿನ ಪಾತ್ರವನ್ನು ಅಲ್ಲಗಳೆಯುವಂತೆಯೂ ಇಲ್ಲ. ಕೆಳಗಿಳಿಸಿಟ್ಟ ಸಲಾಕೆಯ ಉದ್ದವೆಲ್ಲ ಸೀಟಿನೊಳಗಿನ ಕತ್ತಲಲ್ಲಿರುತ್ತದೆ. ಕ್ರೋಮಿಯಂ ಲೇಪ ತೆಳುವಾಗಿರುವ ಕಚ್ಚುಗಳ ಅಂಚಿನಲ್ಲೂ ಕೆಳತುದಿಯಲ್ಲೂ ಬೆವರಿನ, ಮಳೆಯ ತೇವ ಹಿಡಿದು ಉಕ್ಕು ತುಕ್ಕಾಗುತ್ತದೆ. ತುಕ್ಕಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕಾದ್ದರಿಂದ ಸಲಾಕೆ ಕೊಳವೆಯೊಳಗೇ ಉಬ್ಬಿ ಬಿಗಿಯಾಗುತ್ತದೆ. ಅತ್ತ ಪ್ಲಾಸ್ಟಿಕ್ಕಿನ ಒಳತೋಳು ಬಿಸಿಲಿಗೆ ಬಿರುಸಾಗಿ ಬಿರಿಯುತ್ತದೆ. ಮರ್ಸಿಡಿಸ್ ಕಂಪನಿಯ ಡಬ್ಲ್ಯು 123 ಸರಣಿಯಂಥ ಜರ್ಮನ್ ಕಾರುಗಳಲ್ಲಿ ಸೀಟಿನೊಳಗೆ ರಬ್ಬರು ಲೇಪಿಸಿದ ಕುದುರೆಕೂದಲು, ತೆಂಗಿನ ನಾರುಗಳ ಮೆತ್ತೆಯಿರುತ್ತಿತ್ತು. 1976ರಿಂದ ಒಂದು ದಶಕದ ಕಾಲ ಸುಮಾರು 27 ಲಕ್ಷ ಸಂಖ್ಯೆಯಲ್ಲಿ ತಯಾರಾಗಿ ಅನೇಕ ದೇಶಗಳಲ್ಲಿ ಟ್ಯಾಕ್ಸಿಯಾಗಿ ದುಡಿದ ಆ ಕಾರಿನ ಸೀಟು ಬಿಚ್ಚಿದರೆ ರಬ್ಬರು ಸತ್ತು ನಾರು ಕಂದುಬಣ್ಣದ ಪುಡಿಯಾಗಿ ಉದುರುವುದು ಸಾಮಾನ್ಯ ನೋಟ. ಒದ್ದೆಯನ್ನು ಹೀರಿ ಹಿಡಿದಿಡುವ ಆ ಪುಡಿ ಉಕ್ಕಿನ ಪಕ್ಕದಲ್ಲಿದ್ದರೆ ಆಗುವುದೇನೆಂದು ವಿವರಿಸಬೇಕಾಗಿಲ್ಲ.

ಈ ಕೆಲಸದಲ್ಲಿ ಪಳಗಿದವರ ಕ್ರಮ ಮೊದಲು ತಳ್ಳುವುದು, ಆಮೇಲೆ ಎಳೆಯುವುದು. ಮೆತ್ತೆಯನ್ನು ಕೆಳಕ್ಕೆ ಒತ್ತಿ ಒಂದು ಕೂದಲೆಳೆಯಷ್ಟು ಚಲಿಸಿದರೂ ತುಕ್ಕಿನ ಕಚ್ಚು ಒಡೆಯುತ್ತದೆ. ಅನಂತರ ಸಲಾಕೆಯ ಸುತ್ತ ತುಕ್ಕು ಸಡಿಲಿಸುವ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಒಂದು ರಾತ್ರಿ ಕಾಯಬೇಕು. ಎಣ್ಣೆ ಹೆಚ್ಚಾದರೆ ಚರ್ಮಕ್ಕೆ ಅಳಿಸಲಾರದ ಕಲೆ, ಒಳಗಿನ ರಬ್ಬರಿಗೆ ನಾಶ. ಪ್ಲಾಸ್ಟಿಕ್ಕಿನ ಬಿಗಿತವಷ್ಟೇ ಇದ್ದಲ್ಲಿ ಸಿಲಿಕೋನ್ ಸ್ಪ್ರೇ ಸಾಕು. ಬಿರುಸಾದ ಒಳತೋಳಿಗೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ತಾಗಿಸಿದರೆ ಅದು ತುಸು ಮೆತ್ತಗಾಗಿ ಬಿರಿಯದೆ ಉಳಿಯುತ್ತದೆ. ಅಡಗಿದ ಸ್ಪ್ರಿಂಗನ್ನು ಸರಿಸಲು ಉಕ್ಕಿನ ತೆಳು ಪಟ್ಟಿಯೊಂದನ್ನು ಕಚ್ಚುಗಳಿರುವ ಪಕ್ಕದಲ್ಲಿ ಸಲಾಕೆಗೂ ಒಳತೋಳಿಗೂ ನಡುವೆ ಇಳಿಸಿ, ಒಬ್ಬರು ಅದನ್ನು ಒತ್ತಿಹಿಡಿದಿರುವಾಗ ಇನ್ನೊಬ್ಬರು ಎರಡೂ ಸಲಾಕೆಗಳನ್ನು ಬುಡದಲ್ಲಿ ಹಿಡಿದು ಸಮನಾಗಿ ಎತ್ತಬೇಕು. ಮೆತ್ತೆಯನ್ನು ಹಿಡಿದು ಆಚೀಚೆ ತಿರುಚುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮತ್ತು ಅತ್ಯಂತ ಕೆಟ್ಟದ್ದು: ಒಂದು ಸಲಾಕೆ ಮುಂದೆ ಹೋಗಿ ಇನ್ನೊಂದು ಹಿಂದುಳಿದರೆ ಎರಡೂ ಓರೆಯಾಗಿ ಇನ್ನಷ್ಟು ಬಿಗಿಯುತ್ತವೆ. ಇದಾವುದಕ್ಕೂ ಬಗ್ಗದಿದ್ದರೆ ಸೀಟನ್ನು ಕಾರಿನಿಂದ ಹೊರತೆಗೆದು, ಬೆನ್ನಿನ ಹಿಂಬದಿಯ ಹಲಗೆಯನ್ನೋ ಹೊದಿಕೆಯನ್ನೋ ಬಿಚ್ಚಿ, ಚೌಕಟ್ಟಿನ ಕೊಳವೆಯ ಕೆಳಬಾಯಿಯಿಂದ ಸಲಾಕೆಯ ತುದಿಯನ್ನು ಮರದ ತುಂಡಿಟ್ಟು ಮೇಲಕ್ಕೆ ಬಡಿಯುವುದೊಂದೇ ಉಳಿದ ದಾರಿ. ಹೆಡ್‌ರೆಸ್ಟ್ ತೆಗೆಯದೆ ಹೊದಿಕೆ ಬಿಚ್ಚಲಾಗದು, ಹೊದಿಕೆ ಬಿಚ್ಚದೆ ಹೆಡ್‌ರೆಸ್ಟ್ ತೆಗೆಯಲಾಗದು ಎಂಬ ಇಕ್ಕಟ್ಟು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ, ಮತ್ತು ಹೊಲಿಗೆ ಬಿಚ್ಚಲು ಬೇಕಾದ ತಾಳ್ಮೆ ಇಲ್ಲದವರು ಸಲಾಕೆಯನ್ನೇ ಗರಗಸದಿಂದ ಕತ್ತರಿಸಿ ಹಳೆಯ ಬಿಡಿಭಾಗವೊಂದನ್ನು ಕಳೆದುಕೊಳ್ಳುವುದೂ ಇಲ್ಲಿಯೇ.

ಹೆಡ್‌ರೆಸ್ಟುಗಳನ್ನು ಕಳಚಲು ಬರುವಂತೆ ಮಾಡಿರುವುದು ಅಪಘಾತದಲ್ಲಿ ಸಿಕ್ಕಿಬಿದ್ದವರು ಸಲಾಕೆಯಿಂದ ಗಾಜು ಒಡೆಯಲೆಂದು ಎಂಬ ಮಾತು ಭಾರತದಲ್ಲೂ ಬಹಳ ಹರಡಿದೆ. ಅದಕ್ಕೆ ಇತಿಹಾಸದ ಆಧಾರವಿಲ್ಲ; ಸಲಾಕೆಯ ವಿನ್ಯಾಸಕ್ಕೆ ಹೊದಿಕೆಯ ಹೊಲಿಗೆ, ಎತ್ತರದ ಹೊಂದಾಣಿಕೆ, ಅಗ್ಗದ ಜೋಡಣೆ ಇವೇ ಕಾರಣ. ನಿಯಮಗಳ ಒಲವಂತೂ ತದ್ವಿರುದ್ಧವಾದದ್ದು. 2004ರ ಕೊನೆಯಲ್ಲಿ ಅಮೆರಿಕ ಪ್ರಕಟಿಸಿದ ಪರಿಷ್ಕೃತ ಮಾನದಂಡ ತಲೆಗೂ ಮೆತ್ತೆಗೂ ನಡುವಣ ಅಂತರವನ್ನು ಮುಂದಿನ ಸೀಟುಗಳಲ್ಲಿ 55 ಮಿಲಿಮೀಟರಿಗೆ ಮಿತಿಗೊಳಿಸಿತಲ್ಲದೆ, ಎತ್ತರ ಹೊಂದಿಸುವ ಕ್ರಿಯೆಗಿಂತ ಬೇರೆಯಾದ, ಉದ್ದೇಶಪೂರ್ವಕವಾದ ಇನ್ನೊಂದು ಕ್ರಿಯೆಯಿಲ್ಲದೆ ಹೆಡ್‌ರೆಸ್ಟ್ ಕಳಚಿ ಬರಬಾರದೆಂದು ವಿಧಿಸಿತು. ಅರ್ಧ ಶತಮಾನದ ಹಿಂದಿನ ಆಳದ ಕಚ್ಚು ಹೀಗೆ ಕಾನೂನಿನ ಮಾತಾಯಿತು.

ಭಾರತದಲ್ಲಿ ಈ ತೊಡಕು ತಡವಾಗಿ ಬಂದದ್ದಕ್ಕೆ ಕಾರಣವಿದೆ. ದಶಕಗಳ ಕಾಲ ರಸ್ತೆಯನ್ನು ಆಳಿದ ಅಂಬಾಸಡರಿನ ಮುಂದಿನ ಸೀಟು ತಲೆತಡೆಯಿಲ್ಲದ ಬೆಂಚು, ಹಾಗಾಗಿ ಇಲ್ಲಿನ ಹಳೆಯ ಕುಶನ್ ಕೆಲಸಗಾರರ ಕೈಗೆ ಸಲಾಕೆಗಳು ಹೆಚ್ಚಾಗಿ ಸಿಕ್ಕಿರಲಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿದ ಮೇಲೆ, 1969ರ ನಿಯಮದ ಕಾಲದ ಆಮದು ಕಾರುಗಳು ಒಂದೊಂದಾಗಿ ಆ ಗೆರೆ ದಾಟುತ್ತಿವೆ. ಅವುಗಳನ್ನು ಮೊದಲಿನಂತೆ ಮಾಡಹೊರಟವರು ಸಲಾಕೆಗೆ ಕೈ ಹಾಕುವ ಮುನ್ನ ನೋಡಬೇಕಾದದ್ದು ಚೌಕಟ್ಟಿನ ಕೊಳವೆಯ ಬೆಸುಗೆಯನ್ನು: ಆ ವರ್ಷಗಳಲ್ಲಿ ಅಮೆರಿಕದ ಹೊರಗಿನ ಮಾರುಕಟ್ಟೆಗಳಲ್ಲಿ ಹೆಡ್‌ರೆಸ್ಟ್ ಹಲವು ಮಾದರಿಗಳಿಗೆ ಹೆಚ್ಚುವರಿ ಹಣ ಕೊಟ್ಟು ಕೊಳ್ಳುವ ಸಾಮಾನಾಗಿಯೇ ಉಳಿದಿದ್ದರಿಂದ, ಕಚ್ಚಿ ಕೂತಿರುವುದು ಕಾರ್ಖಾನೆಯ ಜೋಡಣೆಯೋ, ಆಮೇಲೆ ಯಾವನೋ ಮಾಲೀಕ ಬೇರೆ ಕಾರಿನಿಂದ ತಂದು ಸೇರಿಸಿದ್ದೋ ಎಂಬುದು ಆ ಬೆಸುಗೆಯಿಂದಲೇ ಗೊತ್ತಾಗುತ್ತದೆ.